ನಾಲ್ಕು ಸೀಟಿನ ಕುದುರೆ

ಮಗಳಿಗಿರುವುದು ಆಟಿಸಂ, ದಿನಾ ಅರ್ಧ ತಾಸು ಕುದುರೆಯ ಮೇಲೆ ಕೂರಿಸಿ ನಡೆಸಿ, ಅದರ ನಡಿಗೆಗೆ ಮೈಮನಸ್ಸು ಹದಕ್ಕೆ ಬರುತ್ತದೆ ಎಂದಿದ್ದರು ಹೈದರಾಬಾದಿನ ಡಾಕ್ಟರು. ಆರು ತುಂಬಿದರೂ ಒಂದು ಮಾತಾಡದ ಮಗಳು ಯಂಕಮ್ಮನಿಗಾಗಿ ಹತ್ತಿ ಗಿರಣಿಯ ಗುಮಾಸ್ತ ಕನಕರಾಯ ಆನೆ ತರಲೂ ತಯಾರಿದ್ದ. ಆದರೆ ಎಂಬತ್ತನಾಲ್ಕನೇ ಇಸವಿಯ ರಾಯಚೂರಿನಲ್ಲಿ ಅವನಿಗೆ ಸಿಕ್ಕಿದ್ದು ಟಾಂಗಾದ ಕುದುರೆ.

ಭಾನುವಾರ ಬೆಳಿಗ್ಗೆ ಸ್ಟೇಷನ್ ಮುಂದೆ ಟಾಂಗಾವಾಲಾ ಮಹಮ್ಮದ್ ಹುಸೇನ್ ತನ್ನ ಕುದುರೆ ಚಾಂದನಿಯನ್ನು ಟಾಂಗಾದಿಂದ ಬಿಚ್ಚಿದ. ಕೌದಿ ಹಾಸಿ ಹುಡುಗಿಯನ್ನು ಕೂರಿಸಿದರು. ಸದಾ ಚಡಪಡಿಸುವವಳು ಕುದುರೆಯ ಕುತ್ತಿಗೆಗೆ ಕೆನ್ನೆಯಿಟ್ಟು ಸುಮ್ಮನಾದಳು. ಅಪ್ಪನ ಕಣ್ಣು ತುಂಬಿತು. ಕುದುರೆ ಮಾತ್ರ ಅಲುಗಲಿಲ್ಲ.

"ನಾಲ್ಕು ಸೀಟು ತುಂಬದ ಹೆಜ್ಜಿ ಎತ್ತಂಗಿಲ್ರೀ ಇದು. ಹತ್ತು ವರ್ಷದ ರೂಢಿ," ಎಂದ ಮಹಮ್ಮದ್ ಹುಸೇನ್, ಲಗಾಮು ಹಿಡಿದುಕೊಂಡೇ.

"ಹಂಗಾರ ಟಾಂಗಾ ಕಟ್ಟಿ ಸೀಟು ತುಂಬ್ರಿ. ನಾ ಹೆಂಗಿದ್ರೂ ತೀನ್ ಕಂದೀಲ್ ಬಜಾರಕ್ಕ ಹೊಂಟೀನಿ," ಎಂದಳು ನೆರೆಮನೆಯ ಜಂಬಮ್ಮ. ಹುಡುಗಿ ಕುದುರೆಯ ಮೇಲಿದ್ದಂತೆಯೇ ಟಾಂಗಾ ಕಟ್ಟಿದ್ದೇ ತಡ, ಸೊಪ್ಪಿನ ಬುಟ್ಟಿ ಸಮೇತ ಹತ್ತಿ ಕೂತೇಬಿಟ್ಟಳು.

ಉಳಿದ ಮೂವರಿಗಾಗಿ ಕನಕರಾಯ ಕೂಗಿದ: "ತೀನ್ ಕಂದೀಲ್! ಇನ್ನೊಬ್ರು ಬರ್ರೀ, ಇನ್ನೊಬ್ರು!"

ಸೀಟು ತುಂಬಿತು, ಚಾಂದನಿ ಹೊರಟಿತು. ಕನಕರಾಯ ಮಗಳ ಕಾಲು ಹಿಡಿದು ಪಕ್ಕದಲ್ಲೇ ಓಡಿದ. ತೀನ್ ಕಂದೀಲಿನಲ್ಲಿ ಎಲ್ಲರೂ ಇಳಿದರು, ಕುದುರೆ ನಿಂತಿತು. ಹುಡುಗಿ ಇಳಿಯಲೊಲ್ಲಳು. ಮತ್ತೆ ಕೂಗಾಟ, ಮತ್ತೆ ಓಟ. ಗಿರಣಿಯ ಹಮಾಲನೊಬ್ಬ ಸಿಕ್ಕು, "ಏನ್ ಗುಮಾಸ್ತರ, ಕೆಲಸ ಬದಲು ಮಾಡಿದ್ರೇನು?" ಎಂದು ನಕ್ಕು ತಾನೂ ಹತ್ತಿದ. ಮಧ್ಯಾಹ್ನದ ಹೊತ್ತಿಗೆ ಕನಕರಾಯನ ಚಪ್ಪಲಿ ಹರಿದಿತ್ತು, ಗಂಟಲು ಕಟ್ಟಿತ್ತು.

ಆರನೆಯ ಸಲ ಸ್ಟೇಷನ್ ಮುಂದೆ ಮೂರೇ ಸೀಟು ತುಂಬಿದವು. ಅವನು ಬಾಯಿ ತೆರೆದರೆ ಬರೀ ಗಾಳಿ. ಆಗ ಕುದುರೆಯ ಮೇಲಿನಿಂದ ಸಣ್ಣ ದನಿ ಬಂತು.

"ಇನ್ನೊಬ್ರು ಬರ್ರೀ!"

ಕನಕರಾಯ ಮಗಳ ಪಾದಕ್ಕೆ ಹಣೆ ಹಚ್ಚಿ ಗಳಗಳನೆ ಅತ್ತ. ಅದನ್ನು ನೋಡಿ ಮಹಮ್ಮದ್ ಹುಸೇನನ ಎದೆ ಕರಗಿತು.

"ಮಾಫ್ ಮಾಡ್ರೀ ಗುಮಾಸ್ತರ. ಕುದುರಿಗೆ ಎಣಿಕಿ ಎಲ್ಲಿ ಬರ್ತದ? ಧಂದಾ ಹೋಗಬಾರದಂತ ನಾನೇ ಲಗಾಮು ಬಿಗಿ ಹಿಡದಿದ್ದೆ. ಈಗ ನೋಡ್ರಿ."

ಲಗಾಮು ಸಡಿಲಾದದ್ದೇ ಚಾಂದನಿ ಮೂರು ಸೀಟಿಗೇ ಹೊರಟಿತು. ಯಂಕಮ್ಮ ಹಿಂದೆ ತಿರುಗಿ ಖಾಲಿ ಸೀಟು ನೋಡಿದಳು. ಎರಡೂ ಕೈಯಿಂದ ಜೂಲು ಜಗ್ಗಿ ಸ್ಟೇಷನ್ ನಡುಗುವಂತೆ ಕಿರುಚಿದಳು. ಕುದುರೆ ಗಕ್ಕನೆ ನಿಂತಿತು.

"ಅಲ್ಲಾನ ಆಣಿ, ಈ ಸಲ ನಾ ಹಿಡದಿಲ್ರೀ!" ಎಂದ ಮಹಮ್ಮದ್ ಹುಸೇನ್.

ಕನಕರಾಯ ಕಣ್ಣೊರೆಸಿಕೊಂಡು, ರೈಲಿಳಿದು ಬರುತ್ತಿದ್ದವರ ಕಡೆ ಬರಿಗಾಲಲ್ಲಿ ಓಡಿದ.