ಟೈಲರ್ ಹೊಲಿದ ಮೀನಿನ ಬಾಲ

ಟೈಲರಿಗೆ ಈ ಲೋಕದ ಮೇಲೆ ಇದ್ದ ದೂರು ಒಂದೇ, ಅದು ಹುಳದ ಡಬ್ಬಿ. ಮದುವೆಯಾದ ಹೊಸದರಲ್ಲಿ ಮಾವ ಅವನನ್ನು ಕೆರೆಗೆ ಮೀನು ಹಿಡಿಯಲು ಕರೆದುಕೊಂಡು ಹೋಗಿ, "ಅಳಿಯಂದಿರೇ, ಇದನ್ನೊಂಚೂರು ಹಿಡ್ಕೊಳ್ಳಿ" ಎಂದು ಎರೆಹುಳದ ಡಬ್ಬಿಯನ್ನು ಕೈಗಿತ್ತಿದ್ದರು. ಆ ಒಂಚೂರು ಇವತ್ತಿನವರೆಗೂ ಮುಗಿದಿರಲಿಲ್ಲ. ಪ್ರತಿ ಭಾನುವಾರ ದೋಣಿಯ ಹಿಂದಿನ ಹಲಗೆಯ ಮೇಲೆ ಮಾವ, ಮುಂದಿನ ಹಲಗೆಯ ಮೇಲೆ ಟೈರ್ ಅಂಗಡಿ ಇಟ್ಟಿರುವ ಬಾಮೈದ, ನಡುವೆ ಡಬ್ಬಿ ಹಿಡಿದ ಟೈಲರ್. ಊರಿನ ದೊಡ್ಡ ದೊಡ್ಡವರ ಸೊಂಟದ ಅಳತೆ ಗೊತ್ತಿದ್ದ ಮನುಷ್ಯನಿಗೆ ಇದೆಂಥ ಗತಿ, ನೀವೇ ಹೇಳಿ.

ಹೀಗಿರುವಾಗ ಮಾವ ಒಂದು ದಿನ ಊಟದ ಮೇಜಿನಲ್ಲಿ ಘೋಷಣೆ ಮಾಡಿಬಿಟ್ಟರು. "ನನ್ನ ಕೈಲಿ ಇನ್ನು ಹುಟ್ಟು ಹಾಕೋಕಾಗಲ್ಲ. ಈ ತಿಂಗಳು ಮುಗಿಯೋದರೊಳಗೆ ಬಾಸ್ ಜಾತಿಯ ದೊಡ್ಡ ಮೀನು ಯಾರು ಹಿಡೀತಾರೋ, ದೋಣಿ ಅವರದು. ಮಗ ಆದರೂ ಸರಿ, ಅಳಿಯ ಆದರೂ ಸರಿ."

ಬಾಮೈದ ಹಲ್ಲು ಕಿಸಿದ. "ಭಾವ, ನೀವು ಯೋಚನೆ ಮಾಡ್ಬೇಡಿ. ದೋಣಿ ನನ್ನದಾದ ಮೇಲೂ ಡಬ್ಬಿ ಹಿಡಿಯೋ ಕೆಲಸ ನಿಮಗೇ."

ಟೈಲರಿಗೆ ಮೈಯೆಲ್ಲಾ ಉರಿದುಹೋಯಿತು. ಆ ದೋಣಿಯ ಮುಂದಿನ ಹಲಗೆಯ ಮೇಲೆ ಒಂದೇ ಒಂದು ಸಲ ಕಾಲು ಚಾಚಿ ಕೂತರೆ ಸಾಕು, ತನ್ನ ಜನ್ಮ ಸಾರ್ಥಕ ಎಂದು ಅಲ್ಲೇ ಅಂದುಕೊಂಡ.

ಅಂದಿನಿಂದ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪಕ್ಕ ಮೊಬೈಲ್ ನಿಂತಿತು. ಅದರೊಳಗೆ ಟೋಪಿ ಹಾಕಿದ ಒಬ್ಬ ದಢೂತಿ ಮನುಷ್ಯ ಮೀನು ಹಿಡಿಯುವ ಪಾಠ ಹೇಳುತ್ತಿದ್ದ. ಅವನ ಬೋಧನೆಯ ಸಾರ ಇಷ್ಟು: ಪುಟಾಣಿ ಹುಳಕ್ಕೆ ಪುಟಾಣಿ ಮೀನೇ ಬರುತ್ತೆ. ಹೆಬ್ಬಾಸ್ ಬೇಕಾದರೆ ಅದಕ್ಕೆ ಹೊಟ್ಟೆ ತುಂಬುವಂಥ ದೊಡ್ಡ ರಬ್ಬರ್ ಮೀನನ್ನು ಗಾಳಕ್ಕೆ ಕಟ್ಟಬೇಕು. ಬಾಲ ಅಲ್ಲಾಡಿಸುತ್ತಾ ನಿಜವಾದ ಮೀನಿನ ಹಾಗೆ ಈಜುವಂತೆ, ನಿಧಾನ, ಬಹಳ ನಿಧಾನವಾಗಿ ಎಳೆಯಬೇಕು. ಕಚ್ಚಿತೆಂದು ಗಾಬರಿ ಬಿದ್ದು ಜಗ್ಗಬಾರದು. ಭಾರ ಕೈಗೆ ಬಂದ ಮೇಲೇ ಗಾಳದ ಕೋಲನ್ನು ಎತ್ತಬೇಕು. ಟೈಲರ್ 'ಗುರುಗಳೇ' ಎಂದು ಮೊಬೈಲಿಗೇ ಕೈಮುಗಿದು, ಮೊಣಕೈಯಷ್ಟು ಉದ್ದದ ಒಂದು ರಬ್ಬರ್ ಮೀನನ್ನು ತರಿಸಿಯೇಬಿಟ್ಟ.

ಪೊಟ್ಟಣ ಬಿಚ್ಚಿದ ಹೆಂಡತಿ ಕಿಟಾರನೆ ಕಿರುಚಿದಳು. "ರೀ, ಏನ್ರೀ ಇದು! ಇಷ್ಟು ದೊಡ್ಡ ಮೀನು ಕೈಲಿ ಇರುವಾಗ ಇನ್ನೊಂದು ಮೀನು ಯಾಕ್ರೀ ಹಿಡೀಬೇಕು?"

"ನಿನಗೆ ಇದೆಲ್ಲಾ ಅರ್ಥ ಆಗಲ್ಲ. ಇದು ಶಾಸ್ತ್ರ. ಬಾ, ಈ ತುದಿ ಹಿಡ್ಕೋ. ನೀನೀಗ ಬಾಸ್ ಮೀನು."

"ನಾನ್ಯಾಕೆ ಮೀನು? ನೀವೇ ಆಗಿ."

"ಹಿಡ್ಕೊಳ್ಳೇ ಮಾರಾಯ್ತಿ, ದೋಣಿ ಬರುತ್ತೆ!"

ಪಾಪ, ಅವಳು ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ರಬ್ಬರ್ ಮೀನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಇವನು ನಡುಮನೆಯ ಸೋಫಾ ಹತ್ತಿ (ಅದೇ ದೋಣಿ) ರೀಲು ಸುತ್ತತೊಡಗಿದ. ಮೀನು ಮೀನಾಗಿ ಸುಮ್ಮನಿರಬೇಕಲ್ಲ? "ತರಕಾರಿ ಯಾವಾಗ ತರ್ತೀರಿ? ಬಾತ್‌ರೂಮಿನ ನಲ್ಲಿ ಸೋರ್ತಿದೆ, ಯಾವಾಗ ನೋಡ್ತೀರಿ?" ಎಂದು ಒಂದೇ ಸಮನೆ ಮಾತಾಡುತ್ತಿತ್ತು. ಗುರುಗಳ ಯಾವ ಪಾಠದಲ್ಲೂ ಇಂಥ ಮೀನಿಗೆ ಉಪಾಯ ಹೇಳಿರಲಿಲ್ಲ.

ಕೊನೆಗೆ ಬೀಸಿ ಎಸೆಯುವ ಅಭ್ಯಾಸ ಬಂತು. ಟೈಲರ್ ಗಂಭೀರವಾಗಿ ಕೋಲನ್ನು ಹಿಂದಕ್ಕೆ ಬಾಗಿಸಿ ಬೀಸಿದ. ರಬ್ಬರ್ ಮೀನು ಮೇಲಕ್ಕೆ ಹಾರಿ, ತಿರುಗುತ್ತಿದ್ದ ಫ್ಯಾನಿಗೆ ಸಿಕ್ಕಿ, ಬಾಲ ಚೂರುಚೂರಾಗಿ ನಡುಮನೆಯ ತುಂಬಾ ಉದುರಿತು. ಬಾಲವೇ ಇಲ್ಲದ ಮೇಲೆ ಅದು ಈಜುವುದು ಎಲ್ಲಿಂದ? ಅವತ್ತು ಶನಿವಾರ, ಬೆಳಗಾದರೆ ಕೆರೆಗೆ ಹೋಗಬೇಕು. ಮೆತ್ತನೆಯ ರಬ್ಬರ್ ಬಾಮೈದನ ಟೈರ್ ಅಂಗಡಿಯಲ್ಲಿ ಸಿಗುತ್ತಿತ್ತೋ ಏನೋ. ಆದರೆ ಅವನ ಮುಂದೆ ಹೋಗಿ ಕೈ ಚಾಚುವುದೇ? ಪ್ರಾಣ ಹೋದರೂ ಸೈ, ಆಗದು.

ಆಗ ಟೈಲರ್ ಕಣ್ಣಿಗೆ ಬಿದ್ದದ್ದು ಅತ್ತೆಯ ಬಿಸಿನೀರಿನ ಬ್ಯಾಗು.

ಅತ್ತೆ ಇರುವುದು ಮೇಲಿನ ಮಹಡಿಯಲ್ಲಿ. ಅವರಿಗೆ ಸೊಂಟನೋವು. ಕೆಂಪು ರಬ್ಬರಿನ ಆ ಬ್ಯಾಗಿಗೆ ಒಂದು ಬಟ್ಟೆಯ ಕವರ್ ಹೊಲಿದುಕೊಡಿ ಎಂದು ಅಳಿಯನ ಕೈಗೆ ಕೊಟ್ಟಿದ್ದರು. ಬೇರೆಯವರು ಎತ್ತಿಕೊಳ್ಳಬಾರದೆಂದು ಅದರ ಒಂದು ಮೂಲೆಯಲ್ಲಿ ಬಿಳಿ ಉಗುರುಬಣ್ಣದಲ್ಲಿ ಒಂದು ಹೂವನ್ನೂ ಬಿಡಿಸಿದ್ದರು. ಟೈಲರ್ ಬ್ಯಾಗನ್ನು ಹಿಸುಕಿ ನೋಡಿದ. ಆಹಾ, ಎಂಥ ಮೆತ್ತನೆ, ಎಂಥ ಬಳುಕು! ಒಂದು ಮೂಲೆ ತಾನೇ, ಹೊಸದೊಂದು ತಂದಿಟ್ಟರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಆಡಿಸಿಯೇಬಿಟ್ಟ. ಹೂವಿದ್ದ ಮೂಲೆಯನ್ನೇ ಆರಿಸಿಕೊಂಡ, ಅದು ಮೀನಿನ ಮೈಮೇಲಿನ ಮಚ್ಚೆಯ ಹಾಗೆ ಕಾಣುತ್ತಿತ್ತು ಅಂತ. ಹೊಲಿಗೆಯಂತೂ ಮದುವೆ ಕೋಟಿನ ಹೊಲಿಗೆ.

ಮೇಲಿನಿಂದ ಅತ್ತೆಯ ದನಿ ಕೇಳಿಸಿತು. "ಅಳಿಯಂದಿರೇ, ನನ್ನ ಬ್ಯಾಗಿನ ಕವರ್ ಆಯ್ತಾ?"

"ನಾಳೆ ಅತ್ತೆ!" ಎಂದ ಟೈಲರ್. (ಈ ಮಾತು ಹೇಳಲು ಅವನಿಗೆ ಯೋಚನೆಯೇ ಬೇಕಿರಲಿಲ್ಲ. ವೃತ್ತಿಜೀವನದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಅದೇ.)

ಬೆಳಗ್ಗೆ ದೋಣಿಯಲ್ಲಿ ಆ ರಬ್ಬರ್ ಮೀನನ್ನು ಕಂಡು ಬಾಮೈದ ಬಿದ್ದು ಬಿದ್ದು ನಕ್ಕ. ಟೈಲರ್ ಹುಳದ ಡಬ್ಬಿಯನ್ನು ಕಾಲಿನಿಂದ ಬಾಮೈದನ ಕಡೆ ತಳ್ಳಿ, ಗುರುಗಳನ್ನು ನೆನೆದು, ಬೀಸಿ ಎಸೆದ. ಸುತ್ತ ಫ್ಯಾನ್ ಇರಲಿಲ್ಲವಾದ್ದರಿಂದ ಅದು ಚೆನ್ನಾಗಿಯೇ ಹೋಗಿ ಬಿತ್ತು. ನಿಧಾನ, ಬಹಳ ನಿಧಾನವಾಗಿ ಎಳೆದ. ಕೆಂಪು ಬಾಲ ನೀರಿನಲ್ಲಿ ಅತ್ತಿತ್ತ ಬಳುಕುತ್ತಾ ಬಂತು. ಹಾಗೆ ಎಸೆದು ಎಳೆದು, ಎಸೆದು ಎಳೆದು ತೋಳು ಬಿದ್ದುಹೋಗುವ ಹೊತ್ತಿಗೆ, ದೋಣಿಯ ಹತ್ತಿರವೇ ನೀರು ಧಡಾರನೆ ಒಡೆಯಿತು.

ಅದು ಮೀನಲ್ಲ, ಬಾಯಿ ಇರುವ ದಿಂಬು! ಮಾವ ಎದ್ದು ನಿಂತೇಬಿಟ್ಟರು. "ಜಗ್ಗಿ ಭಾವ!" ಎಂದು ಬಾಮೈದ ಅರಚಿದ. ಟೈಲರ್ ಜಗ್ಗಲಿಲ್ಲ. ಭಾರ ಕೈಗೆ ಬರುವ ತನಕ ಉಸಿರು ಬಿಗಿಹಿಡಿದು ಕಾದು, ಆಮೇಲೆ ಕೋಲೆತ್ತಿದ. ಗಾಳ ಕಚ್ಚಿಕೊಂಡಿತು. ಮೀನು ಆ ಕಡೆ ಓಡಿತು, ಈ ಕಡೆ ಓಡಿತು, ದೋಣಿಯ ಕೆಳಗೂ ನುಗ್ಗಿತು. ಇವನು ಒಂದು ತಪ್ಪೂ ಮಾಡಲಿಲ್ಲ. ಮೊದಲ ಸಲ ಮಾವ ಅವನನ್ನು ಅಭಿಮಾನದಿಂದ ನೋಡಿದರು. ಕೊನೆಗೆ ಸುಸ್ತಾದ ಮೀನು ದೋಣಿಯ ಪಕ್ಕಕ್ಕೇ ಬಂದು ಮಲಗಿತು. ಟೈಲರ್ ಎಡಗೈಯಲ್ಲಿ ದಾರ ಹಿಡಿದ. ದಾರ ಎದೆಯ ಮಟ್ಟದಲ್ಲಿ ಬಿಗಿಯಾಗಿ ನಿಂತಿತು, ಕೋಟಿಗೆ ಕೊನೆಯ ಗುಂಡಿ ಹಾಕಿ ಮುಗಿಸಿದಾಗ ನಿಲ್ಲುವ ಹಾಗೇ. ಕೆಲಸ ಮುಗಿಯಿತಪ್ಪಾ ಎಂದು ಅವನ ಮನಸ್ಸು ನಿರಾಳವಾಯಿತು. ಬಲಗೈ ತನ್ನಷ್ಟಕ್ಕೆ ತಾನೇ ಕೊರಳಿಗೆ ಹೋಯಿತು. ಅಲ್ಲಿ ಹಗಲೂ ರಾತ್ರಿ ತೂಗುವ ಪುಟ್ಟ ಕತ್ತರಿ ಇತ್ತು.

ಕಚಕ್.

ಮೀನು ಒಂದು ಕ್ಷಣ ನಂಬಲಾರದೆ ಅಲ್ಲೇ ನಿಂತಿತು. ಆಮೇಲೆ ರಬ್ಬರ್ ಮೀನಿನ ಸಮೇತ ಮುಳುಗಿ ಮಾಯವಾಯಿತು.

"ಅಳಿಯಂದಿರೇ," ಎಂದರು ಮಾವ ಮೆಲ್ಲಗೆ, "ಯಾಕೆ?"

"ಅಭ್ಯಾಸ ಮಾವ," ಎಂದ ಟೈಲರ್. ಬಾಮೈದ ಹುಳದ ಡಬ್ಬಿಯನ್ನು ಅವನ ಮಡಿಲಲ್ಲಿಟ್ಟ.

ಆ ವಾರವೆಲ್ಲಾ ಟೈಲರ್ ಊಟ ಬಿಟ್ಟು ಸೊರಗಿದ. ಅತ್ತೆ ದಿನಾ ಕೇಳಿದರು, ಇವನು ದಿನಾ 'ನಾಳೆ' ಎಂದ. ಹೊಸ ಬ್ಯಾಗು ತರುವುದು ಆ ದುಃಖದಲ್ಲಿ ಮರೆತೇಹೋಗಿತ್ತು. ಮುಂದಿನ ಭಾನುವಾರ ಅವನು ಕೆರೆಯ ಕಡೆ ತಲೆ ಹಾಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಗದ್ದಲವಾಯಿತು. ಬಾಮೈದ ಬಕೆಟ್ಟಿನಲ್ಲಿ ಹಿಡಿಸಲಾರದಂಥ ಬಾಸ್ ಮೀನು ತಂದಿದ್ದ, ಅದೂ ಯಃಕಶ್ಚಿತ್ ಎರೆಹುಳಕ್ಕೆ ಸಿಕ್ಕಿದ್ದು! ಮೀನಿನ ತುಟಿಯ ಇನ್ನೊಂದು ಮೂಲೆಯಲ್ಲಿ ರಬ್ಬರ್ ಮೀನು ಹಾಗೇ ನೇತಾಡುತ್ತಿತ್ತು.

ಟೈಲರಿಗೆ ಹೋದ ಜೀವ ಬಂತು. ಒಂದೇ ನೆಗೆತಕ್ಕೆ ಅಂಗಳಕ್ಕಿಳಿದ.

"ಇದು ನನ್ನ ಮೀನು! ಮೊದಲು ಹಿಡಿದವನು ನಾನು! ಮಾವ, ನೀವೇ ಸಾಕ್ಷಿ!"

"ಯಾರದ್ದೋ ಬೇರೆಯವರ ರಬ್ಬರ್ ಮೀನಿರಬೇಕು ಬಿಡಿ ಭಾವ," ಎಂದ ಬಾಮೈದ. "ನಿಮ್ಮದೇ ಅಂತ ಏನು ಗುರುತು?"

"ಗುರುತಾ? ಈ ಬಾಲ ನಾನೇ ಕೈಯಾರೆ ಕತ್ತರಿಸಿ ಹೊಲಿದದ್ದು ಕಣಯ್ಯಾ! ಎಲ್ಲರೂ ಬನ್ನಿ, ನೋಡಿ ಈ ಹೊಲಿಗೆ. ಇಂಥ ಹೊಲಿಗೆ ಈ ಊರಲ್ಲಿ ಇನ್ಯಾರು ಹಾಕ್ತಾರೆ? ಅತ್ತೆ, ನೀವೂ ಬನ್ನಿ, ಹತ್ತಿರ ಬಂದು ಸರಿಯಾಗಿ ನೋಡಿ!"

ಅತ್ತೆ ಸೊಂಟ ಹಿಡಿದುಕೊಂಡು ಹತ್ತಿರ ಬಂದರು. ಕನ್ನಡಕ ಸರಿ ಮಾಡಿಕೊಂಡು ಬಾಲವನ್ನು ಈ ಕಡೆಯಿಂದ ನೋಡಿದರು. ತಿರುಗಿಸಿ ಆ ಕಡೆಯಿಂದಲೂ ನೋಡಿದರು. ಆ ಕಡೆ ಬಿಳಿ ಹೂವಿತ್ತು.

"ಅಳಿಯಂದಿರೇ," ಎಂದರು ಬಹಳ ಮೃದುವಾಗಿ, "ನನ್ನ ಬ್ಯಾಗಿನ ಕವರ್ ಆಯ್ತಾ?"

ಟೈಲರ್ ಬಾಯಿಂದ 'ನಾಳೆ' ಕೂಡ ಹೊರಡಲಿಲ್ಲ. ಹೆಂಡತಿ ಹಣೆ ಚಚ್ಚಿಕೊಂಡಳು. ಬಾಮೈದ ಅಂಗಳದಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಮಾವ ಮಾತ್ರ ಇಕ್ಕಟ್ಟಿಗೆ ಸಿಕ್ಕಿಕೊಂಡರು. "ಹುಳ ಇವನದು, ರಬ್ಬರ್ ಮೀನು ಅವರದು. ಈಗ ದೋಣಿ ಯಾರಿಗಪ್ಪಾ ಕೊಡಲಿ?"

"ಇದರಲ್ಲೇನ್ರೀ ಯೋಚನೆ?" ಎಂದರು ಅತ್ತೆ. "ಅಷ್ಟು ದೊಡ್ಡ ಮೀನು ಮೊದಲು ಬಾಯಿ ಹಾಕಿದ್ದು ನನ್ನ ಬ್ಯಾಗಿಗೆ. ದೋಣಿ ನನ್ನದು." ಮದುವೆಯಾದಂದಿನಿಂದ ಮಾವ ಅತ್ತೆಯ ಮಾತಿಗೆ ಎದುರಾಡಿದವರಲ್ಲ. ಅವತ್ತೂ ಆಡಲಿಲ್ಲ.

ಈಗ ಭಾನುವಾರ ನೀವು ಆ ಕೆರೆಯ ಕಡೆ ಹೋದರೆ ನೋಡಬಹುದು. ದೋಣಿಯ ಮುಂದಿನ ಹಲಗೆಯ ಮೇಲೆ ಅತ್ತೆ ಕಾಲು ಚಾಚಿ ಕೂತು ಗಾಳ ಎಸೆಯುತ್ತಿರುತ್ತಾರೆ. ಬೆನ್ನಿಗೆ ಹೊಸ ಬಿಸಿನೀರಿನ ಬ್ಯಾಗು, ಅದಕ್ಕೆ ಅಂಚು ಕಟ್ಟಿದ ಅಂದವಾದ ಕವರ್. ಹುಟ್ಟು ಹಾಕುವವನು ಟೈಲರ್. ಬ್ಯಾಗು ತಣ್ಣಗಾದರೆ ಫ್ಲಾಸ್ಕಿನಿಂದ ಬಿಸಿನೀರು ತುಂಬಿಸುವವನೂ ಅವನೇ. ಕತ್ತರಿಯನ್ನು ದಡದಲ್ಲೇ ಕಸಿದುಕೊಳ್ಳಲಾಗುತ್ತದೆ. ಮೀನು ಕಚ್ಚಿದಾಗ ಅವನ ಕೈ ಎಷ್ಟು ತುರಿಸುತ್ತದೆಂದರೆ ಹೇಳಿ ಪ್ರಯೋಜನವಿಲ್ಲ.

ಮೊನ್ನೆ ಧೈರ್ಯ ಮಾಡಿ ಕೇಳಿಯೂಬಿಟ್ಟ. "ಅತ್ತೆ, ಒಂದೇ ಒಂದು ಸಲ ನಾನು ಮುಂದೆ ಕೂತ್ಕೊಳ್ಳಲಾ?"

ಅತ್ತೆ ನೀರಿನ ಮೇಲಿಂದ ಕಣ್ಣು ಕೀಳಲಿಲ್ಲ. ನಿಧಾನ, ಬಹಳ ನಿಧಾನವಾಗಿ ರೀಲು ಸುತ್ತುತ್ತಾ ಹೇಳಿದರು:

"ಅದಕ್ಕೇನಂತೆ ಅಳಿಯಂದಿರೇ. ನಾಳೆ."