ಗುಮಾನಿರಾಯರ ಟ್ಯಾಕ್ಟಿಕಲ್ ಚಾಕು

ಇನ್ನು ಮುಂದೆ ಈ ಮನೆಯಲ್ಲಿ ಒಂದು ಚಾಕುವಿಗೆ ಒಂದೇ ಕೆಲಸ, ಒಂದು ಕೆಲಸಕ್ಕೆ ಒಂದೇ ಚಾಕು! ಗುಮಾನಿರಾಯರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಅಪ್ಪಣೆ ಹೊರಡಿಸಿದಾಗ ಕೇಳಿಸಿಕೊಳ್ಳಲು ಇದ್ದವರು ಹೆಂಡತಿ ಮತ್ತು ಅತ್ತೆ, ಇಬ್ಬರೇ. ರಾಯರು ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಳ್ಳುವವರು. ಬಂದ ಮೊಳೆಯನ್ನೂ ಹೋದ ಮೊಳೆಯನ್ನೂ ಅನುಮಾನಿಸಿ ಅನುಮಾನಿಸಿಯೇ ಆ ಬಿರುದು ಸಂಪಾದಿಸಿದ್ದರು.

ಅಪ್ಪಣೆಗೆ ಕಾರಣ, ಅಂದು ಬೆಳಿಗ್ಗೆ ಕೊಂಡು ತಂದ ಟ್ಯಾಕ್ಟಿಕಲ್ ಚಾಕು. ಅಂಗಡಿಯವನು ಮೊದಲು ಕೇಳಿದ್ದು "ಯಾವ ಕೆಲಸಕ್ಕೆ ಬೇಕು?" ಅಂತ. ಅಷ್ಟಕ್ಕೇ ರಾಯರಿಗೆ ಗುಮಾನಿ, ಇವನಿಗ್ಯಾಕೆ ನನ್ನ ಕೆಲಸದ ಉಸಾಬರಿ? ಪಾಪ, ಆತ ಬಿಡಿಸಿ ಹೇಳಿದ. ಬೆಳಕಿಗೆ ಹೊಳೆಯದಂತೆ ಕಪ್ಪು ಬಳಿದಿರುತ್ತಾರೆ, ಹಿಡಿ ಒದ್ದೆ ಕೈಯಲ್ಲೂ ಜಾರುವುದಿಲ್ಲ, ಅಲಗು ದಪ್ಪ, ಒಂದೇ ಕೈಯಲ್ಲಿ ತೆರೆಯಬಹುದು, ತೆರೆದ ಮೇಲೆ ತಾನಾಗಿ ಮಡಚಿಕೊಳ್ಳುವುದಿಲ್ಲ. ಸೈನಿಕರಿಗೆ ಸರಿ ಸಾರ್, ಮನೆಗೆ ತೆಳ್ಳಗಿನದೇ ಮೇಲು, ಇದರಲ್ಲಿ ಟೊಮೇಟೊ ಕೊಯ್ದರೆ ಜಜ್ಜಿದ ಹಾಗಾಗುತ್ತೆ ಅಂದ. ಒಳ್ಳೆಯ ಮಾಲನ್ನು ಇವನು ಬೇರೆ ಯಾರಿಗೋ ಎತ್ತಿಡುತ್ತಿದ್ದಾನೆ ಎಂದು ರಾಯರಿಗೆ ಖಾತ್ರಿಯಾಯಿತು. ಹಟ ಹಿಡಿದು ಅದನ್ನೇ ಕಟ್ಟಿಸಿಕೊಂಡು ಬಂದರು.

ಬಂದವರೇ ಉಗ್ರಾಣದ ಪದ್ಧತಿಯಂತೆ ಮನೆಯ ಚಾಕುಗಳಿಗೆಲ್ಲ ಚೀಟಿ ಅಂಟಿಸಿದರು. ಒಂದಕ್ಕೆ 'ಬ್ರೆಡ್ಡಿಗೆ ಮಾತ್ರ', ಇನ್ನೊಂದಕ್ಕೆ 'ಈರುಳ್ಳಿಗೆ ಮಾತ್ರ'. ಟ್ಯಾಕ್ಟಿಕಲ್ ಮಹಾಶಯನಿಗೆ 'ತುರ್ತು ಸಂದರ್ಭಕ್ಕೆ ಮಾತ್ರ'. ಈ ಚೀಟಿಯನ್ನು ಮೊದಲು ಅಲಗಿಗೆ ಅಂಟಿಸಿ, ಅಂದಗೆಟ್ಟಿತೆಂದು ಕಿತ್ತು ಹಿಡಿಗೆ ಹಾಕಿದರು. ಅತ್ತೆಯ ಚಾಕು ಒಂದು ಉಳಿಯಿತು. ಮೂವತ್ತು ವರ್ಷ ಮಸೆದು ಮಸೆದು ಕಾಗದದಷ್ಟು ತೆಳ್ಳಗಾಗಿತ್ತು, ತುದಿಯೂ ಮುರಿದಿತ್ತು. ಅದಕ್ಕೆ ರಾಯರು ಬರೆದರು: 'ಅನುಪಯುಕ್ತ. ವಿಲೇವಾರಿ ಮಾಡುವುದು.' ಅತ್ತೆ ಓದಿದರು, ಚಾಕುವನ್ನು ತಮ್ಮ ಕೋಣೆಗೆ ಒಯ್ದರು. ಅದೂ ರಾಯರಿಗೆ ಹಿಡಿಸಲಿಲ್ಲ.

ಮೂರನೆಯ ದಿನ ನೋಡುತ್ತಾರೆ, ಕಪ್ಪು ಅಲಗಿನ ಮೇಲೆ ಏನೋ ಅಂಟಂಟು! ಮೂಸಿದರು. ಬೆಳಕಿಗೆ ಹಿಡಿದರು. ಬೆಲ್ಲದ ಪಾಕವೋ, ಹಣ್ಣಿನ ರಸವೋ, ಅಂತೂ ಕಳ್ಳಗೈ ಆಡಿದೆ. ಇದು ಅತ್ತೆಯದೇ ಸೇಡು ಎಂದು ಹೆಂಡತಿಯ ಕಿವಿಯಲ್ಲಿ ಊದಿದರು.

ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹೆಂಡತಿ ಅಳತೆ ಮಾಡಿಯೇ ಮಾತಾಡುವವಳು. "ಅಮ್ಮ ಮುಟ್ಟಿದ್ದು ಸಾಬೀತು ಮಾಡಿ, ನಾಳೆನೇ ತಂಗಿ ಮನೆಗೆ ಕಳಿಸ್ತೀನಿ. ಆಗಲಿಲ್ವಾ, ಅವಳೆದುರು ನಿಂತು ತಪ್ಪಾಯ್ತು ಅನ್ನಬೇಕು" ಅಂದಳು. ಒಳಕೋಣೆಯಲ್ಲಿ ಅತ್ತೆ ಬಟ್ಟೆ ಮಡಚಿ ಚೀಲಕ್ಕೆ ತುಂಬತೊಡಗಿದ ಸದ್ದು ಇಬ್ಬರಿಗೂ ಕೇಳಿಸಿತು.

ಮರುದಿನ ರಾಯರು ಕೆಲಸಕ್ಕೆ ಹೊರಟಂತೆ ನಟಿಸಿ, ಚಾಕುವನ್ನು ಅಡುಗೆಕಟ್ಟೆಯ ಮೇಲೆ ಬೇಕೆಂದೇ ಬಿಟ್ಟು, ಹಿತ್ತಿಲಿನಿಂದ ಬಂದು ಪಕ್ಕದ ಬಚ್ಚಲುಮನೆಯಲ್ಲಿ ಹೊಂಚು ಹಾಕಿದರು. ಅತ್ತೆಯ ಹೆಜ್ಜೆ ಸದ್ದಾದ ಕೂಡಲೇ ಗಾಬರಿಯಲ್ಲಿ ಬಾಗಿಲು ಎಳೆದರು. ಒಳಗಿನ ಕೊಂಡಿ ಬಿದ್ದು ಕಚ್ಚಿಕೊಂಡಿತು. ಎತ್ತಲು ಹೋದರೆ ಅದರ ಹಿಡಿಯೇ ಕೈಗೆ ಬಂತು, ಮೊಣಕೈ ತಾಗಿ ನೀರು ತುಂಬಿದ ತಂಬಿಗೆ ಮೈಮೇಲೆ ಉರುಳಿತು.

ಯಾರದು ಎಂದು ಅತ್ತೆ ಕೇಳಿದರು. ನಾನೇ ಅಂದರೆ ಗುಟ್ಟು ರಟ್ಟು. ರಾಯರು ಉಸಿರು ಬಿಗಿಹಿಡಿದರು. ಅತ್ತೆಗೂ ಈಗ ಗುಮಾನಿ! ಹೊರಗಿನ ಚಿಲಕವನ್ನು ಜಡಿದು ಅಂಗಡಿಯಲ್ಲಿದ್ದ ಮಗಳಿಗೆ ಫೋನು ಮಾಡಿದರು, ಬಚ್ಚಲಲ್ಲಿ ಕಳ್ಳ ಸಿಕ್ಕಿದ್ದಾನೆ, ಬಾ ಎಂದು. ಮಗಳು ಓಡುತ್ತಲೇ ಗಂಡನಿಗೆ ಫೋನು ಮಾಡಿದಳು.

ಫೋನು ಬಚ್ಚಲಲ್ಲಿ ಹೊಡೆದುಕೊಂಡಿತು.

"ಕಳ್ಳನ ಹತ್ರ ನಮ್ಮ ಅಳಿಯಂದಿರ ಫೋನಿದೆ ಕಣೇ" ಅಂದರು ಅತ್ತೆ, ಹೊಸಿಲು ದಾಟಿ ಬಂದ ಮಗಳಿಗೆ.

"ನಾನೇ ಅತ್ತೆ" ಎಂದು ಒಳಗಿನಿಂದ ಒಂದು ಬಡದನಿ ಕೇಳಿತು.

ಹೊರಗಿನ ಚಿಲಕವೇನೋ ತೆಗೆದರು, ಒಳಗಿನ ಕೊಂಡಿ ಜಪ್ಪಯ್ಯ ಅಂದರೂ ಸರಿಯಲಿಲ್ಲ. ತುರ್ತು ಸಂದರ್ಭವೇ ಬಂತಲ್ಲ ಎಂದು ಹೆಂಡತಿ ಟ್ಯಾಕ್ಟಿಕಲ್ ಮಹಾಶಯನನ್ನು ತಂದಳು. ದಪ್ಪ ಅಲಗು ಬಾಗಿಲ ಸಂದಿಗೆ ನುಗ್ಗಲೇ ಇಲ್ಲ. ಅತ್ತೆ ಕೋಣೆಗೆ ಹೋಗಿ ಕಟ್ಟಿಟ್ಟ ಚೀಲ ಬಿಚ್ಚಿ ತಮ್ಮ ಚಾಕು ತಂದು ಸಂದಿಗೆ ತೂರಿಸಿ, ಮೆಲ್ಲಗೆ ಮೇಲಕ್ಕೆತ್ತಿದರು. ಕೊಂಡಿ ಸರಿಯಿತು. ರಾಯರು ತೊಯ್ದು ತೊಪ್ಪೆಯಾಗಿ ಹೊರಬಂದರು.

ಹೆಂಡತಿ ಕಪ್ಪು ಅಲಗಿನ ಅಂಟನ್ನು ಉಗುರಿನಿಂದ ಕೆರೆದಳು. ಅಂಟಿನ ಜೊತೆ ಚೀಟಿಯ ಚೂರೊಂದು ಎದ್ದು ಬಂತು. ಅದರ ಮೇಲೆ ರಾಯರದೇ ದುಂಡಗಿನ ಅಕ್ಷರ, 'ತುರ್ತು'ವಿನ 'ತು'.

ರಾಯರಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. "ತಪ್ಪಾಯ್ತು ಅತ್ತೆ. ಹೋಗಬೇಡಿ" ಅಂದರು. ಷರತ್ತಿಗೆ ಅಂದದ್ದಲ್ಲ, ಮನಸಾರೆ ಅಂದದ್ದು.

ಅತ್ತೆ ತಮ್ಮ ಚಾಕುವಿನ ಚೀಟಿಯನ್ನು ಹರಿಯದಂತೆ ಬಿಡಿಸಿ, ಅಳಿಯನ ಅಂಗಿಯ ಜೇಬಿನ ಮೇಲೆ ನೀಟಾಗಿ ಅಂಟಿಸಿದರು. ಹೆಂಡತಿ ಓದಿದಳು: 'ಅನುಪಯುಕ್ತ. ವಿಲೇವಾರಿ ಮಾಡುವುದು.'

"ಬೇಡಮ್ಮ" ಅಂದಳು, ಇನ್ನೊಂದು ಚಾಕುವಿನ ಚೀಟಿ ಕಿತ್ತು ಅದರ ಮೇಲೆ ಒತ್ತುತ್ತಾ. "ಇದಕ್ಕಾದ್ರೂ ಆಗ್ತಾರೆ."

ಅಂದು ಸಂಜೆಯಿಂದ ಆ ಮನೆಯಲ್ಲಿ ಈರುಳ್ಳಿ ಹೆಚ್ಚುವವರು ರಾಯರೇ. ಚಾಕು ಅತ್ತೆಯದು. ಕಣ್ಣೀರಿನ ಬಗ್ಗೆ ಯಾರಿಗೂ ಗುಮಾನಿ ಇಲ್ಲ.