ಸೂಜಿ ಕುದಿಸುವ ಮಾಮಾ

ನೀರು ಕುದಿಯುವುದನ್ನು ನೋಡುವುದಕ್ಕಿಂತ ದೊಡ್ಡ ಸುಖ ನಮ್ಮ ಸೋದರಮಾವನಿಗೆ ಈ ಭೂಮಿಯ ಮೇಲೆ ಇರಲಿಲ್ಲ! ಎಂಬತ್ತರ ದಶಕದಲ್ಲಿ ಅವನು ಅಥಣಿ ತಾಲೂಕಿನ ಸರಕಾರಿ ದವಾಖಾನೆಯೊಂದರಲ್ಲಿ ಕಂಪೌಂಡರ್. ಆಗ ಒಂದೇ ಸೂಜಿ ಊರಿಗೆಲ್ಲ ಸುತ್ತುತ್ತಿತ್ತು. ಅದೆಲ್ಲೋ ತರಬೇತಿಗೆ ಹೋದವನು, ರಕ್ತದಿಂದ ರಕ್ತಕ್ಕೆ ಹರಡುವ ಕಾಮಾಲೆಯೊಂದಿದೆ, ನಾವು ಕಾಮಣಿ ಅನ್ನುವುದು, ಹೆಪಟೈಟಿಸ್ ಬಿ ಅಂತ ಅದರ ಹೆಸರು, ಎಂದು ಕಲಿತು ಬಂದ. ಅಂದಿನಿಂದ ಗಡಿಯಾರ ಮುಂದಿಟ್ಟುಕೊಂಡು ಇಪ್ಪತ್ತು ನಿಮಿಷ ಸೂಜಿ ಕುದಿಸದೆ ಯಾರ ಮೈಯನ್ನೂ ಮುಟ್ಟಲಿಲ್ಲ.

"ಸಾಹೇಬ್ರ, ಸೂಜಿ ಕುದಸಾಕತ್ತೀರೋ, ಹುರಳಿ ಬೇಯಸಾಕತ್ತೀರೋ?" ಎಂದು ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ಅವನ ಕಣ್ಣು ಗಡಿಯಾರದ ಮೇಲೆಯೇ.

ಒಮ್ಮೆ ಗೌಡರ ಜ್ವರ ಮಾಮಾನ ಸೂಜಿಯಿಂದ ಇಳಿಯಿತು. ಮರುದಿನ ಒಬ್ಬ ಮುದುಕ ಬಂದು ತೋಳು ಚಾಚಿದ. "ಗೌಡ್ರಿಗೆ ಮಾಡಿದ ಸೂಜೀನಽ ನನಗೂ ಮಾಡ್ರಿ. ಭಾಳ ಗುಣದ ಸೂಜಿ ಐತಿ ಅದು. ಕುದಿಸಿ ಅದರ ಗುಣ ಕಳೀಬ್ಯಾಡ್ರಿ!"

"ಗೌಡ್ರ ಮೈಯಾಗಿನ ಕಾಮಣಿ ನಿನಗ ಬಂದ್ರ?"

"ಬರ್ಲಿ ಬಿಡ್ರಿ. ದೊಡ್ಡವರ ಮನೀದು!"

ನನ್ನ ಅಣ್ಣನ ಮಗನ ಜವಳದ ದಿನವಂತೂ ಕೇಳಬೇಡಿ. ನಾಲ್ಕು ಮಕ್ಕಳ ತಲೆ ಬೋಳಿಸಲು ಒಂದೇ ಕತ್ತಿ ಕಂಡದ್ದೇ ತಡ, ಮಾಮಾ ಅದನ್ನು ಕಸಿದುಕೊಂಡು, ಒಲೆಯ ಮೇಲೆ ಕುದಿಯುತ್ತಿದ್ದ ಪಾತೇಲಿಗೆ ಹಾಕಿಬಿಟ್ಟ. ಅದು ಬೀಗರಿಗೆ ಕಾಸುತ್ತಿದ್ದ ಚಹಾ! ಆ ದಿನ ಎರಡನೇ ಸಲ ಚಹಾ ಕೇಳಿದವರು ಒಬ್ಬರೂ ಇಲ್ಲ.

ತೊಂಬತ್ತರ ದಶಕದಲ್ಲಿ ನಾನು ಚೊಚ್ಚಲ ಬಸುರಿ. ಮಿರಜಿನಲ್ಲಿ ರಕ್ತ ತಪಾಸಣೆ ಮಾಡಿಸಿದರೆ, ಅದೇ ಹೆಪಟೈಟಿಸ್ ಬಿ ನನ್ನ ಮೈಯಲ್ಲಿತ್ತು. ಹೆರಿಗೆಯ ಹೊತ್ತಿಗೆ ಕೂಸಿಗೂ ತಗಲಬಹುದು, ಹುಟ್ಟಿದ ದಿನವೇ ಲಸಿಕೆ ಹಾಕಬೇಕು ಎಂದರು ಡಾಕ್ಟರು. ಆ ಲಸಿಕೆ ಆಗ ನಮ್ಮ ಸರಕಾರಿ ದವಾಖಾನೆಗಳಲ್ಲಿ ಸಿಗುತ್ತಿರಲಿಲ್ಲ.

ನನಗೆ ಬೇನೆ ಶುರುವಾದದ್ದು ಕೇಳಿ ಮಾಮಾ ಮಿರಜಿಗೆ ಓಡಿದ. ಥರ್ಮಾಸಿನಲ್ಲಿ ಬರ್ಫದ ಗಡ್ಡೆ ತುಂಬಿ, ಲಸಿಕೆಯನ್ನು ಅದರಲ್ಲಿಟ್ಟು, ಕಾಗವಾಡದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದ. "ಒಂದು ಕಪ್ ಚಹಾ ಹಾಕ್ರಿ" ಎಂದು ಬಸ್ಸಿನಲ್ಲಿ ಯಾರೋ ಕೇಳಿದರಂತೆ. ಮಾಮಾ ಜಗಳವನ್ನೇ ತೆಗೆದನಂತೆ!

ಅಥಣಿಯ ದವಾಖಾನೆಯಲ್ಲಿ ನನ್ನ ಮಗಳು ಹುಟ್ಟಿ ಇನ್ನೂ ತಾಸಾಗಿರಲಿಲ್ಲ. ಮಾಮಾ ಹೊಸ ಸೂಜಿ ಬಿಚ್ಚಿ, ಲಸಿಕೆ ಎಳೆದುಕೊಂಡ. ಆಮೇಲೆ ನಿಂತೇಬಿಟ್ಟ. ಪಕ್ಕದಲ್ಲಿದ್ದ ನರ್ಸಬಾಯಿಯತ್ತ ಅದನ್ನು ಚಾಚಿದ.

"ನರ್ಸಬಾಯಿ ಮಾಡ್ಲಿ ಯವ್ವಾ. ನೀ ಸಣ್ಣಾಕಿದ್ದಾಗ ಜ್ವರ ಬಂದಾಗೆಲ್ಲಾ ನಾನಽ ಸೂಜಿ ಮಾಡೀನಿ. ಆವಾಗ ನನಗೇನೂ ಗೊತ್ತಿರಲಿಲ್ಲ. ಬಟ್ಟೀಲೆ ಸೂಜಿ ಒರಿಸಿ, ಒಬ್ಬರದು ಒಬ್ಬರಿಗೆ ಚುಚ್ಚತಿದ್ದೆ. ನಿನ್ನ ಮೈಯಾಗಿಂದು ನನ್ನ ಕೈಲೇ ಬಂದಿರಬೇಕು."

ಯಾರಿಂದ ಬಂತೋ ಯಾರು ಬಲ್ಲರು? ನನಗೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಾವೆಲ್ಲ ನಕ್ಕಿದ್ದೆವಲ್ಲ! ಬಟ್ಟೆ ಸರಿಸಿ ಕೂಸಿನ ತೊಡೆಯನ್ನು ಅವನ ಮುಂದೆ ಹಿಡಿದೆ.

"ನೀನಽ ಮಾಡು, ಮಾಮಾ. ಬ್ಯಾರೆಯವರ ಕೈ ಬ್ಯಾಡ."

ಅವನೇ ಮಾಡಿದ. ಕೂಸು ಒಂದು ಸಲ ಚೀರಿ ಸುಮ್ಮನಾಯಿತು. ಮಾಮಾನನ್ನು ಸುಮ್ಮನಾಗಿಸಲು ನಾನು ಅವನ ಕೈಗೆ ಕೂಸನ್ನೇ ಕೊಡಬೇಕಾಯಿತು.